ಗಾಳಿಯ ಮೇಲಿದ್ದವರು

ನೀರಿಗೆ ಇಳಿಯುವ ಮೊದಲು ಅವರು ದಂಡೆಯುದ್ದಕ್ಕೂ ನಡೆದುಹೋಗಿ, ಹರಿಗೋಲು ಇಳಿಸುತ್ತಿದ್ದವರಿಗೆ ಒಬ್ಬೊಬ್ಬರಿಗೂ ಹೇಳಿ ಬರುತ್ತಿದ್ದರು.

"ಇವತ್ತು ನಾನು ಪಂಪ್‌ಹೌಸಿಂದ ಒಣ ಹುಣಸಿಮರದ ತನಕ ಹೋಗಿ ಹೊಳ್ಳಿ ಬರ್ತೀನಿ. ನಿಮ್ ಬಲಿ ಎಲ್ಲಿ ಬಿಟ್ಟೀರಿ? ಎಷ್ಟೊತ್ತಿಗೆ ಎತ್ತಾಕ ಬರ್ತೀರಿ?"

ಮೀನು ಹಿಡಿಯುವವರಿಗೆ ಇದು ಮೊದಮೊದಲು ನಗೆಪಾಟಲಾಗಿತ್ತಂತೆ. ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಮುದುಕಿಗೂ ಬಿಡದೆ ಹೇಳಿದಾಗ ಆಕೆ, "ನನಗ್ಯಾಕ ಹೇಳ್ತೀಯಪ್ಪಾ, ನಾನೇನು ನಿನ್ ಹಾದಿಗೆ ಬರ್ತೀನಾ?" ಎಂದಿದ್ದಳು.

"ನೀ ಬರಾಂಗಿಲ್ಲಬೇ. ನಾನ ನಿನ್ ಹಾದಿಗೆ ಬಂದ್ರ?" ಎಂದಿದ್ದರು ಇವರು.

ಊರಿಗೆ ಊರೇ ಅವರನ್ನು ಹವಾಲ್ದಾರ್ರು ಎನ್ನುತ್ತಿತ್ತು. ಸೈನ್ಯದಲ್ಲಿ ಅಷ್ಟು ವರ್ಷ ದುಡಿದು ಬಂದವರು, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಿನ್ನೀರಿನ ದಂಡೆಯಲ್ಲಿ ಕುಡಿಯುವ ನೀರಿನ ಪಂಪ್‌ಹೌಸಿಗೆ ಆಪರೇಟರ್ ಆಗಿದ್ದರು. ಹೋದ ಚೈತ್ರದಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಮಗಳು ಫೋನು ಮಾಡಿ, "ಅಪ್ಪಗ ಇವೆಲ್ಲ ಸೇರತಿದ್ದಿಲ್ಲ ಟೀಚರ್" ಎಂದು ನನ್ನನ್ನೇ ಗದರುತ್ತಾಳೆ. ಅದೂ ನಿಜವೇ. ಹೊಗಳಿದರೆ ಅವರು ಎದ್ದು ಹೋಗಿ ಮೋಟರಿನ ಸದ್ದು ಕೇಳುತ್ತಾ ನಿಲ್ಲುತ್ತಿದ್ದರು.

ಸೈನ್ಯದಲ್ಲಿದ್ದಾಗ ಅವರು ಕಲಿತು ಬಂದ ಹುಚ್ಚು ವಿಂಡ್‌ಸರ್ಫಿಂಗ್. ನೋಡದವರಿಗೆ ಹೇಳುತ್ತೇನೆ: ಬಾಗಿಲಿಗಿಂತ ಸ್ವಲ್ಪ ಉದ್ದದ ಒಂದು ಹಲಗೆ, ಅದರ ಮೇಲೆ ಎತ್ತ ಬೇಕಾದರತ್ತ ವಾಲುವ ಒಂದು ಕಂಬ, ಕಂಬಕ್ಕೊಂದು ಹಾಯಿಪಟ, ಪಟಕ್ಕೆ ಅಡ್ಡಲಾಗಿ ಎರಡೂ ಕೈಯಿಂದ ಹಿಡಿದುಕೊಳ್ಳಲು ಒಂದು ಹಿಡಿಕೆ. ಗಾಳಿ ಪಟ ತುಂಬಿದರೆ ಹಲಗೆ ನೀರಿನ ಮೇಲೆ ಓಡುತ್ತದೆ. ನಿಂತವರು ಹಿಂದಕ್ಕೆ ಒರಗಿ ಪಟವನ್ನು ತೂಗಿಸಬೇಕು. ಎಲ್ಲೋ ಹಳೆಯದಾಯಿತೆಂದು ಗುಜರಿಗೆ ಹಾಕಿದ್ದ ಇಂಥ ಎರಡು ಹಲಗೆಗಳನ್ನು ಕೊಂಡು, ರೈಲಿನಲ್ಲೂ ಆಮೇಲೆ ಗೂಡ್ಸ್ ಆಟೋದಲ್ಲೂ ಸಾಗಿಸಿಕೊಂಡು ಬಂದಿದ್ದರು. ಒಂದು ದೊಡ್ಡದು, ಒಂದು ಸಣ್ಣದು. ಪಟ ಹರಿದಲ್ಲೆಲ್ಲ ಗೊಬ್ಬರದ ಚೀಲದ ತೇಪೆ. ಅವರು ನೀರಿನ ಮೇಲೆ ಹೋಗುತ್ತಿದ್ದರೆ ದಂಡೆಯಲ್ಲಿ ನಿಂತವರಿಗೆ ಯೂರಿಯಾ ಎಂಬ ಅಕ್ಷರ ದೂರದವರೆಗೂ ಕಾಣುತ್ತಿತ್ತು.

ನಾನು ಅಲ್ಲಿನ ಪ್ರೌಢಶಾಲೆಗೆ ದೈಹಿಕ ಶಿಕ್ಷಕಿಯಾಗಿ ಹೋದವಳು. ನಮ್ಮದು ಕೂಡ್ಲಿಗಿ ತಾಲ್ಲೂಕು, ಕಾನಹೊಸಹಳ್ಳಿ ಕಡೆಯ ಊರು. ನಮ್ಮಲ್ಲಿ ನೀರು ಅಂದರೆ ಕೊಡದಲ್ಲಿರುವುದು. ಮನೆಗೆ ಹಿರಿಯಳು ನಾನೇ ಆದ್ದರಿಂದ ಏಳನೆಯ ತರಗತಿಯಿಂದಲೇ ಅಪ್ಪನ ಬಂಡಿ ಹೊಡೆಯುತ್ತಿದ್ದೆ. ಹೆದ್ದಾರಿಯಲ್ಲಿ ಲಾರಿಯ ಹಾರನ್ನಿಗೆ ಎತ್ತು ಬೆದರಿ ಓಡಿದರೆ, ಹಗ್ಗ ಎರಡೂ ಕೈಯಿಂದ ಎದೆಗೆ ಎಳೆದುಕೊಂಡು ಹಿಂದಕ್ಕೆ ಒರಗಿ ನಿಲ್ಲಿಸುವುದು ನನಗೆ ಊಟ ಮಾಡಿದಷ್ಟು ಸಲೀಸು. ಓಟ, ಕಬಡ್ಡಿ, ಖೋಖೋ, ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಈಜು ಮಾತ್ರ ಬರುತ್ತಿರಲಿಲ್ಲ. ಇದನ್ನು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮಕ್ಕಳು ಮಧ್ಯಾಹ್ನದ ಆಟದ ಪಿರಿಯಡ್ಡಿಗೆ ಚಕ್ಕರ್ ಹೊಡೆದು ದಂಡೆಗೆ ಓಡುತ್ತಿದ್ದಾರೆ, ಅಲ್ಲೊಬ್ಬ ಮನುಷ್ಯ ಪಟ ಹಿಡಿದು ಕುಣಿಯುತ್ತಾನೆ ಎಂದು ತಿಳಿದ ದಿನ ಜಗಳಕ್ಕೇ ಹೋದೆ. ಅವರು ನೀರಿನ ಮೇಲಿದ್ದರು. ಕೊರಳಲ್ಲಿದ್ದ ಸೀಟಿ ಊದಿದೆ. ಮತ್ತೆ ಊದಿದೆ. ಉಸಿರು ಕಟ್ಟುವಷ್ಟು ಊದಿದೆ. ಅವರು ಹೊರಳಿಯೂ ನೋಡಲಿಲ್ಲ. ದಂಡೆಗೆ ಬಂದವರು ಹಲಗೆಯನ್ನು ನೀರಿನಿಂದ ಎತ್ತಿ, ಪಟವನ್ನು ಮಲಗಿಸಿ, ಅದರ ಮೇಲೆ ಮರಳಿನ ಚೀಲ ಹೇರಿ, ಆಮೇಲೆ ನನ್ನ ಕಡೆ ತಿರುಗಿದರು.

"ಊದಿದ್ರೇನು ಟೀಚರ್ರ?"

"ಹತ್ತು ಸಲ ಊದೀನ್ರಿ! ಕಿವಿ ಕೇಳ್ಸಂಗಿಲ್ಲೇನು ನಿಮಗ?"

"ಗಾಳಿಗೆ ಎದುರು ಊದಿದ್ರ ಸದ್ದು ನಿಮ್ ಬಾಯಾಗ ಉಳೀತೈತಿ. ಆ ಕಡೆ ಹೋಗಿ ನಿಂತು ಊದ್ರಿ, ನೋಡೂನು."

ಜಗಳಕ್ಕೆ ಹೋದವಳು ಅವರು ತೋರಿಸಿದ ಕಡೆ ಹೋಗಿ ನಿಂತು ಊದಿದೆ! ಮಕ್ಕಳು ಬಿದ್ದು ಬಿದ್ದು ನಕ್ಕರು. ಅವರು ನಗಲಿಲ್ಲ. "ಈಗ ಕೇಳ್ತು" ಎಂದರು. ಆಮೇಲೆ ಮಕ್ಕಳ ಕಡೆ ನೋಡಿ, "ಟೀಚರು ಗಾಳಿ ಮ್ಯಾಲ ಅದಾರ. ಅವರ ಮಾತು ನಿಮಗ ಮುಟ್ಟತೈತಿ. ನಡೀರಿ ಸಾಲಿಗೆ" ಎಂದರು. ಮಕ್ಕಳು ಹೊರಟೇ ಹೋದರು.

ಗಾಳಿ ಮ್ಯಾಲ, ಗಾಳಿ ಕೆಳಗ. ಅವರ ಬಾಯಲ್ಲಿ ಈ ಎರಡು ಮಾತು ದಿನಕ್ಕೆ ನೂರು ಸಲ. ಗಾಳಿ ಬೀಸಿ ಬರುವ ಕಡೆ ಇರುವವರು ಗಾಳಿಯ ಮೇಲಿದ್ದವರು. ಅದು ಹೋಗುವ ಕಡೆ ಇರುವವರು ಗಾಳಿಯ ಕೆಳಗಿದ್ದವರು. ನೀರಿನ ಮೇಲಿನ ಅವರ ಕಾನೂನೆಲ್ಲ ಇದರ ಮೇಲೇ ನಿಂತಿತ್ತು. ಮೇಲಿದ್ದವರು ಕೆಳಗಿದ್ದವರನ್ನು ಕಾಯಬೇಕು, ಅಷ್ಟೇ. ನಿಮ್ಮ ಕಂಬ ಬಿದ್ದರೆ, ಪಟ ಹಾರಿದರೆ, ನೀವೇ ಹಲಗೆಯ ಸಮೇತ ಕೊಚ್ಚಿಕೊಂಡು ಹೋದರೆ, ಹೋಗಿ ಬೀಳುವುದು ಅವರ ಮೇಲೇ ತಾನೇ?

ಈ ಕಾನೂನು ಸೈನ್ಯದಲ್ಲಿ ಹೇಳಿಕೊಟ್ಟದ್ದೇ ಎಂದು ಒಮ್ಮೆ ಕೇಳಿದೆ.

"ಅಲ್ಲೂ ಹೇಳಿದ್ರು. ಅದಕ್ಕಿಂತ ಮೊದಲ ನಮ್ಮವ್ವ ಹೇಳಿದ್ಲು" ಎಂದರು. ಅವರ ತಾಯಿ ಕೂಲಿಯಾಳು. ಸುಗ್ಗಿಯಲ್ಲಿ ಯಾರ ಯಾರದೋ ಕಣದಲ್ಲಿ ಜೋಳ ತೂರಲು ಹೋಗುತ್ತಿದ್ದಳಂತೆ. "ಮೊರ ಎತ್ತೋ ಮೊದಲು ನಮ್ಮವ್ವ ಗಾಳಿ ಹೋಗೋ ಕಡಿ ನೋಡ್ತಿದ್ಲು. ಯಾರ್ ಕುಂತಾರ, ಯಾವ ಕೂಸು ಆಡಾಕ ಹತ್ತೈತಿ, ಎಲ್ಲಾ ನೋಡಿ ಎಬ್ಬಿಸಿ ಕಳಿಸಿ ಆಮ್ಯಾಲ ತೂರ್ತಿದ್ಲು. ಹೊಟ್ಟು ಹಾರಿ ಯಾರ್ ಕಣ್ಣಾಗ ಬಿದ್ರೂ ತಪ್ಪು ತೂರಿದೋಳ್ದು ನೋಡ್ರಿ. ಗಾಳಿದಲ್ಲ, ಕುಂತೋರ್ದೂ ಅಲ್ಲ."

ನನಗೆ ಈಜು ಬರುವುದಿಲ್ಲ ಎಂಬುದನ್ನು ಅವರು ನಾನು ಹೇಳದೆಯೇ ಕಂಡುಹಿಡಿದರು. ಹಲಗೆಯ ಮೇಲೆ ಒಮ್ಮೆ ನಿಲ್ಲುತ್ತೇನೆ ಎಂದು ನಾನೇ ಗಂಟು ಬಿದ್ದಾಗ, ನೀರು ಮೊಣಕಾಲಿಗೆ ಬರುತ್ತಲೇ ನನ್ನ ಮುಖ ನೋಡಿ, "ಟೀಚರ್ರ, ಮೊದಲು ಈಜು" ಎಂದರು. ಕಲಿಸಿದವರು ಅವರಲ್ಲ. ಮೀನುಗಾರರ ಹುಲಿಗೆವ್ವನಿಗೆ ಒಪ್ಪಿಸಿದರು. ಹುಲಿಗೆವ್ವ ಗಂಡ ಹನುಮಂತಣ್ಣನ ಜೊತೆ ದಿನಾ ಹರಿಗೋಲು ಹೊಡೆಯುವ ಹೆಂಗಸು, ಮಾತು ಖಾರ. ಒಂದು ತಿಂಗಳು ಬೆಳಿಗ್ಗೆ ಬೆಳಿಗ್ಗೆ ನನ್ನ ಗದ್ದ ಹಿಡಿದು ನೀರಿನಲ್ಲಿ ಎಳೆದಾಡಿದಳು. "ಅಯ್ಯ, ನೀವು ಹುಡುಗರಿಗೆ ಲೆಫ್ಟ್ ರೈಟ್ ಅಂತೀರಿ, ನಿಮಗ ಯಾರು ಹೇಳಬೇಕ್ರಿ ಕಾಲು ಬಡೀರಿ ಅಂತ?" ಎಂದು ಬೈದದ್ದು ಈಗಲೂ ಕಿವಿಯಲ್ಲಿದೆ.

ಈಜು ಬಂದ ಮೇಲೆ ನಿಲ್ಲುವುದನ್ನು ಕಲಿಸುತ್ತಾರೆ ಎಂದುಕೊಂಡರೆ, ಹತ್ತು ದಿನ ಬೀಳುವುದನ್ನು ಕಲಿಸಿದರು. ಹಿಂದಕ್ಕೆ ಬಿದ್ದು ಒಂದು ಕೈ ಮುಖದ ಮುಂದೆ ತರುವುದು. ಪಟದ ಕೆಳಗೆ ಸಿಕ್ಕಿಕೊಂಡರೆ ಗಾಬರಿ ಬೀಳದೆ ಒಂದೇ ದಿಕ್ಕಿಗೆ ಸರಿದು ಹೊರಗೆ ಬರುವುದು. ಏನೇ ಆದರೂ ಹಲಗೆಯನ್ನು ಬಿಟ್ಟು ಈಜದಿರುವುದು, ಏಕೆಂದರೆ ಹುಡುಕಿಕೊಂಡು ಬರುವವರಿಗೆ ತಲೆ ಕಾಣುವುದಿಲ್ಲ, ಹಲಗೆ ಕಾಣುತ್ತದೆ. ತೇಲುವ ಜಾಕೀಟು ಹಾಕದೆ ಕಾಲು ನೆನೆಸಲೂ ಬಿಡುತ್ತಿರಲಿಲ್ಲ. "ಸೆಖೆ ಆಗತೈತ್ರಿ" ಎಂದರೆ, "ನೀರಿಗೆ ಬೀಳ್ರಿ, ತಣ್ಣಗಾಗತೈತಿ" ಎನ್ನುತ್ತಿದ್ದರು.

ಇನ್ನೊಬ್ಬರಿಂದ ಎಷ್ಟು ದೂರ ಇರಬೇಕು ಎಂಬುದಕ್ಕೆ ಅವರ ಲೆಕ್ಕ ಬಂಡಿಯದು. ನಾನು ಬಂಡಿ ಹೊಡೆದವಳು ಎಂದು ತಿಳಿದ ಮೇಲೆ ನನಗಾಗಿಯೇ ಮಾಡಿದ್ದು. ಸಣ್ಣ ಗಾಳಿಗೆ ಎತ್ತು ಕಟ್ಟಿದ ಎರಡು ಬಂಡಿಯಷ್ಟು. ದೊಡ್ಡ ಗಾಳಿಗೆ ಹತ್ತು ಬಂಡಿ. ಆಷಾಢದ ಗಾಳಿಗೆ? "ಆಷಾಢದಾಗ ನೀವು ಲೆಕ್ಕ ಹಾಕೋದು ಮುಗಿಯೋದ್ರಾಗ ಮುಟ್ಟಿರ್ತೀರಿ. ಅದಕ್ಕ ಮಂದಿ ಇರೋ ಕಡಿ ಹೋಗಾಕ ಹೋಗಬ್ಯಾಡ್ರಿ."

ಆಷಾಢದಲ್ಲಿ ಆ ದಂಡೆಗೆ ಬರುವ ಗಾಳಿಯನ್ನು ನಾನು ಹೇಗೆ ಹೇಳಲಿ? ಶಾಲೆಯ ಸಿಂಟೆಕ್ಸ್ ಟ್ಯಾಂಕು ಖಾಲಿ ಇದ್ದರೆ ಉರುಳಿ ಮೈದಾನ ದಾಟಿ ಹೋಗುತ್ತದೆ. ಸೈಕಲ್ಲು ಹೊಡೆಯುವವರು ಇಳಿದು ತಳ್ಳುತ್ತಾರೆ. ಹಿನ್ನೀರು ಬೆಳ್ಳಗೆ ನೊರೆ ಕಾರುತ್ತದೆ. ಆದರೂ ಮೀನು ಹಿಡಿಯುವವರು ಹೋಗಲೇಬೇಕು, ಹಿಂದಿನ ಸಂಜೆ ಬಿಟ್ಟ ಬಲೆ ನೀರಿನಲ್ಲಿದೆಯಲ್ಲ.

ಅಂಥ ಒಂದು ಭಾನುವಾರ, ಏಳು ವರ್ಷದ ಹಿಂದೆ, ನನ್ನ ಜೊತೆಯ ಮೂವರು ದೈಹಿಕ ಶಿಕ್ಷಕರು ಹಡಗಲಿ, ಹರಪನಹಳ್ಳಿ ಕಡೆಯಿಂದ ನೋಡಲು ಬಂದಿದ್ದರು. ನಾನು ನೀರಿನ ಮೇಲೆ ಓಡುತ್ತೇನೆ ಎಂದು ಮೀಟಿಂಗುಗಳಲ್ಲಿ ಜಂಭ ಕೊಚ್ಚಿದ್ದೆನಲ್ಲ, ಅದರ ಫಲ. ಹವಾಲ್ದಾರರು ನೀರು ನೋಡಿ ಒಂದೇ ಮಾತು ಹೇಳಿದರು.

"ಇವತ್ತು ಬ್ಯಾಡ್ರಿ. ಮಂದಿ ಬಲಿ ಎತ್ತಾಕ ಹೋಗ್ಯಾರ."

"ಚಾ ಕುಡಿದು ಹೋಗೂನು ಬಿಡವ್ವ" ಎಂದ ಹರಪನಹಳ್ಳಿಯವನು. "ಇಷ್ಟು ದೂರ ಬಂದಿದ್ಕೆ ಚಾ ಆದ್ರೂ ಸಿಗ್ತಲ್ಲ."

ಎಲ್ಲರೂ ನಕ್ಕರು. ನನಗೆ ಮೈ ಉರಿದುಹೋಯಿತು. ಮೋಟರು ಚಾಲೂ ಮಾಡುವ ಹೊತ್ತಾಗಿತ್ತು, ಹವಾಲ್ದಾರರು ಪಂಪ್‌ಹೌಸಿನ ಒಳಗೆ ಹೋದರು. ಹೋಗುವಾಗ ಬಾಗಿಲಲ್ಲಿ ಒಮ್ಮೆ ಹೊರಳಿ ನನ್ನನ್ನೂ ಹಲಗೆಯನ್ನೂ ನೋಡಿದರು. ಏನೂ ಹೇಳಲಿಲ್ಲ. ಅವರು ಮರೆಯಾದದ್ದೇ ತಡ, ನಾನು ದೊಡ್ಡ ಹಲಗೆ ನೀರಿಗೆ ತಳ್ಳಿದೆ. ದಂಡೆಯುದ್ದ ನಡೆದು ಯಾರಿಗೂ ಹೇಳಲಿಲ್ಲ. ಯಾರು ಎಲ್ಲಿ ಬಲೆ ಎತ್ತುತ್ತಿದ್ದಾರೆ ಎಂದು ಕೇಳಲಿಲ್ಲ.

ಪಟ ಎತ್ತಿದ್ದಷ್ಟೇ ನೆನಪು. ಗಾಳಿ ನನ್ನನ್ನು ಕಿತ್ತುಕೊಂಡು ಹೊರಟಿತು. ಎದುರಿಗೆ, ಒಣ ಹುಣಸೆಮರದ ಬುಡದಲ್ಲಿ ಒಂದು ಹರಿಗೋಲು. ಹನುಮಂತಣ್ಣ ಬಗ್ಗಿ ಬಲೆ ಎಳೆಯುತ್ತಿದ್ದ, ಹುಲಿಗೆವ್ವ ನನಗೆ ಬೆನ್ನು ಹಾಕಿ ಹುಟ್ಟು ಹಿಡಿದು ಕೂತಿದ್ದಳು. ನಿಲ್ಲಿಸಬೇಕು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಿಲ್ಲಿಸುವುದೂ ಗೊತ್ತಿತ್ತು. ಹಿಂದಿನ ಕೈಯನ್ನು ಹಿಡಿಕೆಯಿಂದ ತೆಗೆದರೆ ಸಾಕು, ಪಟ ಗಾಳಿಯನ್ನು ಚೆಲ್ಲಿ ಸುಮ್ಮನಾಗುತ್ತದೆ. ನೂರು ಸಲ ಮಾಡಿಸಿದ್ದರು. ಆದರೆ ನನ್ನ ಕೈಗಳು ಅಪ್ಪನ ಬಂಡಿಯ ಮೇಲಿದ್ದವು. ಎತ್ತು ಬೆದರಿದೆ, ಎಳೆ! ಎರಡೂ ಕೈಯಿಂದ ಹಿಡಿಕೆಯನ್ನು ಎದೆಗೆ ಎಳೆದುಕೊಂಡು ಹಿಂದಕ್ಕೆ ಒರಗಿದೆ. ಎಳೆದರೆ ಎತ್ತು ನಿಲ್ಲುತ್ತದೆ. ಪಟ ಎಳೆದರೆ ಇನ್ನಷ್ಟು ಗಾಳಿ ತುಂಬಿಕೊಂಡು ಓಡುತ್ತದೆ. ಓಡಿದಷ್ಟೂ ನಾನು ಎಳೆದೆ.

"ಹಿಂದಿನ ಕೈ ತೆಗೀರೀ!"

ಅವರ ದನಿ. ಗಾಳಿಯ ಮೇಲಿಂದ ಬಂದದ್ದು, ಸ್ಪಷ್ಟವಾಗಿ ಕೇಳಿಸಿತು. ಕೈ ಬರಲಿಲ್ಲ. ಸಣ್ಣ ಹಲಗೆಯ ಮೇಲೆ ಅವರು ನನ್ನ ಬೆನ್ನ ಹಿಂದಿನಿಂದ ಬಂದು, ನನಗೂ ಹರಿಗೋಲಿಗೂ ನಡುವೆ ನುಗ್ಗಿ, ತಮ್ಮ ಪಟ ಕೆಡವಿ ಅಡ್ಡ ನಿಂತರು. ನಾನು ಅವರಿಗೆ ಬಡಿದೆ. ನನ್ನ ಕಂಬ ಅವರ ಬಲಭುಜದ ಮೇಲೆ ಬಿತ್ತು. ಹರಿಗೋಲಿಗೂ ಅವರಿಗೂ ನಡುವೆ ಒಂದು ಮಾರು ನೀರು ಉಳಿದಿತ್ತು.

ಗೂಡ್ಸ್ ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ನಾನು ಅಳುತ್ತಿದ್ದೆ. ಅವರು ಹಲ್ಲು ಕಚ್ಚಿಕೊಂಡು, "ಮೋಟರ್ ಚಾಲೂ ಐತಿ, ಯಾರರ ಬಂದ್ ಮಾಡ್ರಿ" ಎಂದು ಹೇಳುತ್ತಿದ್ದರು. ಮೂಳೆ ಕೂಡಿತು. ಆದರೆ ಆ ಕೈ ಮುಂದೆಂದೂ ಭುಜಕ್ಕಿಂತ ಮೇಲೆ ಏಳಲಿಲ್ಲ. ಪಟ ಎತ್ತುವುದು ಮುಗಿಯಿತು. ಅಷ್ಟು ದೂರದಿಂದ ಹಲಗೆ ಹೊತ್ತು ತಂದಿದ್ದ ಮನುಷ್ಯನ ಆಟವನ್ನು ನಾನು ಒಂದು ಗಳಿಗೆಯಲ್ಲಿ ಮುಗಿಸಿಬಿಟ್ಟಿದ್ದೆ.

ಅವರು ಆಸ್ಪತ್ರೆಯಿಂದ ಬಂದ ಮೇಲೆ ಮೀನುಗಾರರು ಪಂಪ್‌ಹೌಸಿನ ಮುಂದೆ ಸೇರಿದರು. ಹಲಗೆ ಎರಡನ್ನೂ ಸುಟ್ಟುಹಾಕಬೇಕು ಎಂದರು ಕೆಲವರು. ಟೀಚರಮ್ಮನನ್ನು ನೀರಿನ ಹತ್ತಿರ ಸೇರಿಸಬಾರದು ಎಂದರು. ನಾನು ತಲೆ ತಗ್ಗಿಸಿ ನಿಂತಿದ್ದೆ, ಬೇರೆ ಏನು ಮಾಡಲಿ? ಹನುಮಂತಣ್ಣ ಸಿಟ್ಟಿನಲ್ಲಿ ಮುಂದೆ ಬಂದ.

"ನನ್ ಹೇಣ್ತಿ ತಲಿ ಒಡೀತಿತ್ತು ಹವಾಲ್ದಾರ್ರ. ತಪ್ಪು ಯಾರ್ದು, ಅದೊಂದು ಹೇಳ್ರಿ ಸಾಕು."

"ನಂದು" ಎಂದರು ಅವರು.

"ನಿಮ್ದು ಹೆಂಗಾಗತೈತ್ರಿ? ಎಲ್ಲಾರೂ ನೋಡ್ಯಾರ."

"ಗಾಳಿ ಮ್ಯಾಲಿದ್ದೋನು ನಾನು."

"ಹಂಗಾದ್ರ ಈಗ ಏನ್ ಮಾಡೂನು?"

ಅವರು ಎಡಗೈಯಿಂದ ಹರಿಗೋಲಿನ ಕಡೆ ತೋರಿಸಿದರು. "ಸುಡೋದು ಬೈಯೋದು ಬ್ಯಾಡ. ತಪ್ಪು ಮಾಡಿದೋರು ಈ ಗಾಳಿ ಇಳಿಯೋತನ ದಿನಾ ಹುಲಿಗೆವ್ವನ ಹರಗೋಲದಾಗ ಕುಂದ್ರಲಿ. ಗಾಳಿ ಕೆಳಗ ಕುಂತ್ರ ಹೆಂಗಿರತೈತಿ ನೋಡ್ಲಿ."

ನನಗೆ ಶಿಕ್ಷೆಯಾಯಿತು ಎಂದು ತಿಳಿದೆ. ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ದಂಡೆಗೆ ಹೋದರೆ, ಹವಾಲ್ದಾರರು ಕೊರಳಿಗೆ ಪಟ್ಟಿ ಕಟ್ಟಿ ಕೈ ತೂಗುಹಾಕಿಕೊಂಡು ಹರಿಗೋಲಿನಲ್ಲಿ ಆಗಲೇ ಕೂತಿದ್ದರು. ನನಗೆ ಧೈರ್ಯವಾಗಲಿ ಎಂದು ಜೊತೆಗೆ ಬಂದಿದ್ದಾರೆ ಎಂದುಕೊಂಡೆ. ಕಣ್ಣು ತುಂಬಿ ಬಂತು.

ಹರಿಗೋಲಿನಲ್ಲಿ ಕೂತರೆ ಏನು ಕಾಣುತ್ತದೆ ಗೊತ್ತೇ? ಏನೂ ಕಾಣುವುದಿಲ್ಲ. ನೀರಿಗೂ ಕಣ್ಣಿಗೂ ಎರಡು ಗೇಣು. ಪ್ರತಿ ಅಲೆಯೂ ಗೋಡೆ. ಬಲೆ ಎಳೆಯುವವರು ಬಗ್ಗಿಯೇ ಇರಬೇಕು, ಹುಟ್ಟು ಹಾಕುವವರು ಹರಿಗೋಲು ಸುತ್ತದಂತೆ ನೋಡಬೇಕು. ಬೆನ್ನ ಹಿಂದೆ ಏನು ಬರುತ್ತಿದೆ ಎಂದು ತಿರುಗಿ ನೋಡಲು ಪುರುಸೊತ್ತಿಲ್ಲ. ಓಡಿಹೋಗಲು ಹರಿಗೋಲಿಗೆ ಮುಂದಿಲ್ಲ, ಹಿಂದಿಲ್ಲ. ಮೂರನೆಯ ದಿನ ಒಂದು ಖಾಲಿ ಡ್ರಮ್ಮು ಗಾಳಿಗೆ ಉರುಳಿಕೊಂಡು ನೀರಿನ ಮೇಲೆ ನಮ್ಮ ಕಡೆಗೇ ಬಂತು. ನಾನು ಚಿಟ್ಟನೆ ಚೀರಿದೆ. ಹುಲಿಗೆವ್ವ ಹುಟ್ಟಿನಿಂದ ಅದನ್ನು ಅತ್ತ ನೂಕಿ, "ಡ್ರಮ್ಮಿಗೆ ಹಿಂಗ ಅಂದ್ರ, ನಿಮಗ ನಾನು ಹೆಂಗನ್ನಬೇಕಿತ್ರಿ?" ಎಂದಳು. ನನಗೆ ಬೇಕಾಗಿದ್ದ ಮಾತು ಹೇಳಿದಳು, ಅವತ್ತು ನನ್ನ ಸೊಕ್ಕು ಇಳಿಯಿತು.

ಒಂದು ತಿಂಗಳ ಮೇಲೆ, ಶ್ರಾವಣದ ಗಾಳಿಯೂ ಇಳಿಯುವ ತನಕ, ಅವರು ಒಂದು ದಿನವೂ ತಪ್ಪಿಸಲಿಲ್ಲ. ನನಗೆ ಒಂದೆರಡು ದಿನ ಜ್ವರ ಬಂದು ಹೋಗಲಾಗಲಿಲ್ಲ. ಆ ದಿನವೂ ಅವರು ಹೋಗಿದ್ದರಂತೆ. ಹುಲಿಗೆವ್ವ ಹೇಳಿದಾಗ, ಮುದುಕನಿಗೆ ಮೀನಿನ ಆಸೆ ಇರಬೇಕು ಎಂದು ತಮಾಷೆ ಮಾಡಿದ್ದೆ.

ಮರುವರ್ಷ ಹಲಗೆಯನ್ನು ಮೀನುಗಾರರೇ ಹೊರಗೆ ತೆಗೆದು ನನಗೆ ಕೊಟ್ಟರು. ನಾನು ದಂಡೆಯುದ್ದ ನಡೆದು ಹೇಳಿ ಬಂದೆ. ಹವಾಲ್ದಾರರು ಪಂಪ್‌ಹೌಸಿನ ಕಾಲುಸೇತುವೆಯ ಮೇಲೆ ಹೆಗಲಿಗೆ ಕೆಂಪು ಟವೆಲ್ಲು ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ಟವೆಲ್ಲು ಎಡಗೈಯಲ್ಲಿ ಎದ್ದರೆ, ಮಂದಿ ಇದ್ದಾರೆ ಎಂದರ್ಥ, ಹೊಳ್ಳಬೇಕು. ಹೀಗೆ ಆರು ಮಳೆಗಾಲ. ನಾನು ಹಲಗೆಯ ಮೇಲೆ ಒಂದಿಷ್ಟು ಚಂದ ಹೋಗಿ ಬಂದರೆ, ಒಳಗೆ ಹೋಗಿ ಬುದ್ಧನ ಕ್ಯಾಲೆಂಡರಿನ ಕೆಳಗಿದ್ದ ಸ್ಟೋವಿನ ಮೇಲೆ ಚಹಾ ಕಾಯಿಸಿ ಕೊಡುತ್ತಿದ್ದರು. ಹೊಗಳಿಕೆ ಅಂದರೆ ಅದೇ. ಸಕ್ಕರೆ ಜಾಸ್ತಿ ಇದ್ದರೆ ಬಹಳ ಚೆನ್ನಾಗಿ ಮಾಡಿದೆ ಎಂದು ನಾನೇ ತಿಳಿದುಕೊಳ್ಳುತ್ತಿದ್ದೆ.

ಆದರೆ ಆ ಭುಜ ನೋಡಿದಾಗಲೆಲ್ಲ ನಾನು ಲೋಟ ಕೆಳಗಿಟ್ಟುಬಿಡುತ್ತಿದ್ದೆ. ಕ್ಷಮೆ ಕೇಳಲು ಹೋದರೆ ಒಂದೇ ಮಾತು: "ಗಾಳಿ ಮ್ಯಾಲಿದ್ದೋನು ನಾನು." ಒಂದು ಸಲ ನನಗೆ ತಡೆಯಲಾಗದೆ ಸಿಟ್ಟೇ ಬಂತು.

"ದೊಡ್ಡತನ ಸಾಕ್ರಿ! ನಿಮ್ ಕೈ ಮುರಿದಾಕಿ ನಾನು. ಒಮ್ಮೆರ ನನ್ ತಪ್ಪು ನನಗ ಕೊಡ್ರಿ."

ಅವರಿಗೆ ಅಚ್ಚರಿಯಾದಂತೆ ಕಂಡಿತು. "ದೊಡ್ಡತನ ಎಲ್ಲೈತಿ ತಂಗಿ?" ಎಂದರು. ಅಲ್ಲಿಯವರೆಗೆ ಟೀಚರ್ರ ಎನ್ನುತ್ತಿದ್ದವರು ಅವತ್ತು ಮೊದಲ ಸಲ ತಂಗಿ ಎಂದರು. "ನಿನ್ ತಪ್ಪು ನಿನ್ ಹಂತ್ಯಾಕ ಐತಿ, ಅದನ್ನ ನಾ ಏನ್ ಕಸಗಂಡಿಲ್ಲ. ನಾ ನಂದು ಹೇಳಾಕ ಹತ್ತೀನಿ." ಲೋಟ ತೊಳೆಯಲು ಎದ್ದರು. ನನಗೆ ಅರ್ಥವಾಗಲಿಲ್ಲ. ಸೈನ್ಯದವರು, ಇವರ ಮಾತೇ ಹೀಗೆ ಎಂದುಕೊಂಡು ಬಿಟ್ಟೆ.

ಅವರು ಹೋದದ್ದು ಯಾರಿಗೂ ತೊಂದರೆ ಕೊಡದ ಹಾಗೆ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಮಣ್ಣು ಮಾಡುವಾಗ ದಂಡೆಯವರೆಲ್ಲ ಬಂದಿದ್ದರು. ಬಟ್ಟೆ ಒಗೆಯುವ ಮುದುಕಿಯೂ ಕೋಲೂರಿಕೊಂಡು ಬಂದಿದ್ದಳು. ಕೂಡ್ಲಿಗಿ ಬಸ್ಸು ಹತ್ತಿ ಊರಿಗೆ ಹೋಗಿದ್ದ ನಾನು ತಲುಪಿದ್ದು ತಡವಾಗಿ, ಮುಖ ಸಿಗಲಿಲ್ಲ.

ಈ ಆಷಾಢದಲ್ಲಿ ನಡೆದದ್ದನ್ನು ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ.

ಹುಲಿಗೆವ್ವನ ಮಗಳು ರೇಣುಕಾ ಈಗ ಡಿಗ್ರಿ ಓದುತ್ತಾಳೆ. ಎರಡು ವರ್ಷದಿಂದ ನನ್ನ ಹತ್ತಿರ ಹಲಗೆ ಕಲಿಯುತ್ತಿದ್ದಾಳೆ. ನೀರಿನಲ್ಲೇ ಹುಟ್ಟಿದವಳು, ನನಗಿಂತ ನೂರು ಪಾಲು ಚುರುಕು. ಆ ದಿನ ಗಾಳಿ ಜೋರಿತ್ತು, ಆದರೆ ಮೀರಿದ್ದಲ್ಲ. ಇಬ್ಬರೂ ದಂಡೆಯುದ್ದ ಹೇಳಿ ಬಂದೇ ಇಳಿದೆವು. ಅವಳು ದೊಡ್ಡ ಹಲಗೆಯಲ್ಲಿ ಮುಂದೆ, ನಾನು ಸಣ್ಣ ಹಲಗೆಯಲ್ಲಿ ಗಾಳಿಯ ಮೇಲೆ. ಅವಳಿಗೆ ಎದುರಾಗಿ ದೂರದಲ್ಲಿ ಒಬ್ಬ ಮುದುಕ ಹರಿಗೋಲಿನಲ್ಲಿ ಬಲೆ ಬಿಡಿಸಿಕೊಳ್ಳುತ್ತಿದ್ದ, ಹೇಳಿದ ಜಾಗದಿಂದ ಇತ್ತ ಸರಿದಿದ್ದ. ಒಂದು ಬಿರುಸಾದ ಗಾಳಿ ಬಂತು. ಅವಳ ಕೈ ಬಿಗಿಯಾದದ್ದು ನನಗೆ ಕಂಡಿತು. ಹಿಡಿಕೆಯನ್ನು ಮೈಗೆ ಎಳೆದುಕೊಳ್ಳುತ್ತಾಳೆ ಎಂದು ಅವಳು ಎಳೆಯುವ ಮೊದಲೇ ಗೊತ್ತಾಯಿತು. ಆಗಲೇ ನಾನು ಹೋಗಬಹುದಿತ್ತು. ಹೋಗಲಿಲ್ಲ. ಎರಡು ವರ್ಷ ಕಲಿತಿದ್ದಾಳೆ, ತಾನೇ ಸರಿಮಾಡಿಕೊಳ್ಳಲಿ ಎಂದು ನೋಡುತ್ತಾ ನಿಂತೆ.

ಅವಳು ಸರಿಮಾಡಿಕೊಳ್ಳಲಿಲ್ಲ. ಆಮೇಲೆ ನಾನು ಹೇಗೆ ಹೋದೆನೋ, ಹೇಗೆ ನಡುವೆ ನುಗ್ಗಿದೆನೋ ತಿಳಿಯದು. ಅವಳ ಹಲಗೆಯ ಮೂತಿ ನನ್ನ ಮೊಣಕಾಲಿಗೆ ಬಡಿಯಿತು. ಮುದುಕನಿಗೆ ಏನೂ ಆಗಲಿಲ್ಲ, ಬೈಗುಳ ಮಾತ್ರ ಚೆನ್ನಾಗಿ ಬೈದ. ನನಗೆ ಆರು ಹೊಲಿಗೆ.

ದಂಡೆಯಲ್ಲಿ ರೇಣುಕಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. "ತಪ್ಪು ನಂದ್ರಿ ಟೀಚರ್. ಕೈ ತೆಗೀಲಿಲ್ಲ ನಾನು." ಹುಲಿಗೆವ್ವ ಓಡಿ ಬಂದು ಮಗಳನ್ನು ನೋಡಿದಳು, ನನ್ನ ಕಾಲು ನೋಡಿದಳು.

"ಏನಾತ್ರಿ? ಯಾರ್ದು ತಪ್ಪು?"

"ನಂದು" ಎಂದೆ. "ಗಾಳಿ ಮ್ಯಾಲಿದ್ದಾಕಿ ನಾನು."

ಆ ಹುಡುಗಿಯನ್ನು ಉಳಿಸಲು ಆಡಿದ ಮಾತಲ್ಲ ಅದು. ಅವಳ ತಪ್ಪು ಅವಳ ಹತ್ತಿರವೇ ಇತ್ತು. ನಾನು ನನ್ನದನ್ನು ಹೇಳಿದ್ದೆ. ಹೇಳಿದ ಮೇಲೆ ಪಂಪ್‌ಹೌಸಿನ ಬಾಗಿಲು ಕಣ್ಣ ಮುಂದೆ ಬಂತು. ಒಳಗೆ ಹೋಗುವ ಮೊದಲು ಒಮ್ಮೆ ಹೊರಳಿ ನನ್ನನ್ನೂ ಹಲಗೆಯನ್ನೂ ನೋಡಿ, ಏನೂ ಹೇಳದೆ ಹೋದ ಮನುಷ್ಯ. ಅವರಿಗೂ ಮೊದಲೇ ಗೊತ್ತಾಗಿತ್ತು! ಹೋಗಲಿ, ತಾನೇ ತಿಳಿದುಕೊಳ್ಳಲಿ ಎಂದು ಅವರೂ ಒಂದು ಗಳಿಗೆ ಬಿಟ್ಟಿದ್ದರು.

ಹುಲಿಗೆವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಸೆರಗಿನಿಂದ ನನ್ನ ಕಾಲಿನ ರಕ್ತ ಒರೆಸುತ್ತಾ, ಯಾವ ತಮಾಷೆಯೂ ಇಲ್ಲದ ದನಿಯಲ್ಲಿ ಹೇಳಿದಳು.

"ಹಂಗಾದ್ರ ನಾಳಿಂದ ಇಬ್ರೂ ಬರ್ರಿ ಹರಗೋಲಕ್ಕ. ಹವಾಲ್ದಾರ್ರೂ ತಮ್ ತಪ್ಪಿಗೆ ಹಿಂಗ ಬರ್ತಿದ್ರು."

"ನನ್ ಜೊತಿಗೆ ಬರ್ತಿದ್ರಲ್ಲ ಅವರು?"

"ನಿಮಗ್ಯಾರು ಹೇಳಿದ್ರಿ ಹಂಗಂತ? ತಪ್ಪು ಮಾಡಿದೋರು ಕುಂದ್ರಲಿ ಅಂದಿದ್ರಲ್ಲ ಅವತ್ತು. ಅದಕ್ಕ ಬರ್ತಿದ್ರು. ನೀವು ಜ್ವರ ಬಂದು ಮಕ್ಕೊಂಡಾಗೂ ಬಂದಿದ್ರು."

ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಕುಂಟುತ್ತಾ ದಂಡೆಗೆ ಹೋದೆ. ರೇಣುಕಾ ಇನ್ನೂ ಬಂದಿರಲಿಲ್ಲ. ಹರಿಗೋಲಿನಲ್ಲಿ ಅವರು ಕೂರುತ್ತಿದ್ದ ಕಡೆ ಹೋಗಿ ಕೂತು, ಹುಡುಗಿ ಬರಲಿ ಎಂದು ಕಾದೆ. ಅವಳು ಬಂದಳು, ನನ್ನನ್ನು ಕಂಡು ಅವಳ ಕಣ್ಣು ತುಂಬಿ ಬಂತು. "ನನಗ ಧೈರ್ಯ ಆಗ್ಲಿ ಅಂತ ಬಂದೀರೇನ್ರಿ ಟೀಚರ್?" ಎಂದು ಕೇಳಿದಳು.

"ಅಲ್ಲ ತಂಗಿ" ಎಂದು ಹೇಳಿ, ಅವಳಿಗೆ ಜಾಗ ಬಿಟ್ಟು ಸರಿದು ಕೂತೆ.